ಮುಗಿಯದ ದುರಸ್ತಿ: ವೈಟಿ-ಡಿಎಲ್‌ಪಿ ನಡೆದ ದಾರಿ

ಯೂಟ್ಯೂಬ್-ಡಿಎಲ್ ಎಂಬ ತಂತ್ರಾಂಶದ ಕೊನೆಯ ಅಧಿಕೃತ ಆವೃತ್ತಿಯ ಹೆಸರು 2021.12.17. ಬಿಡುಗಡೆಯಾದ ದಿನಾಂಕವನ್ನೇ ಆವೃತ್ತಿಗೆ ಹೆಸರಾಗಿ ಇಡುವುದು ಅದರ ರೂಢಿ. ಒಂದು ಕಾಲಕ್ಕೆ ವಾರಕ್ಕೊಂದು, ಕೆಲವೊಮ್ಮೆ ಎರಡು ಮೂರು ಆವೃತ್ತಿಗಳು ಹೊರಬರುತ್ತಿದ್ದ ತಂತ್ರಾಂಶ ಅದು. ಆ ದಿನಾಂಕದ ನಂತರ ಬಳಕೆದಾರರ ಕೈಗೆ ಹೊಸ ಅಧಿಕೃತ ಆವೃತ್ತಿ ಬರಲಿಲ್ಲ. ಆದರೂ ಅಂತರ್ಜಾಲದಿಂದ ವಿಡಿಯೊ ಇಳಿಸಿಕೊಳ್ಳುವವರು ಕೈಕಟ್ಟಿ ಕೂರಬೇಕಾಗಲಿಲ್ಲ. ಅದರ ಕೋಡನ್ನೇ ಎತ್ತಿಕೊಂಡು ಬೇರೆ ಹೆಸರಿನಲ್ಲಿ ಮುಂದುವರಿಸಿದ ವೈಟಿ-ಡಿಎಲ್‌ಪಿ ಅಷ್ಟರಲ್ಲಾಗಲೇ ಸುಮಾರು ಒಂದು ವರ್ಷ ನಡೆದುಬಂದಿತ್ತು.

ತಂತ್ರಾಂಶದ ವಿಮರ್ಶೆ ಎಂದರೆ ಸಾಮಾನ್ಯವಾಗಿ ಅದರಲ್ಲಿ ಏನಿದೆ, ಏನಿಲ್ಲ ಎಂಬ ಪಟ್ಟಿಯಾಗಿಬಿಡುತ್ತದೆ. ನಾನು ಇಲ್ಲಿ ತೂಗಿ ನೋಡುತ್ತಿರುವುದು ಒಂದು ನಡವಳಿಕೆಯನ್ನು. ನಿಂತುಹೋಗುತ್ತಿದ್ದ ಕೆಲಸವೊಂದನ್ನು ಕೈಗೆತ್ತಿಕೊಂಡವರು ಹಳಬರ ಜೊತೆ, ಬಳಕೆದಾರರ ಜೊತೆ, ಕಾನೂನಿನ ಜೊತೆ ಹೇಗೆ ನಡೆದುಕೊಂಡರು? ಅವರ ಕೆಲಸ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ತೆಳುವಾಗಿದೆ? ಈ ಪ್ರಶ್ನೆಗಳು ಮುಖ್ಯ, ಏಕೆಂದರೆ ನಾವು ದಿನವೂ ನೆಚ್ಚಿಕೊಂಡಿರುವ ಎಷ್ಟೋ ಮುಕ್ತ ತಂತ್ರಾಂಶಗಳು ಒಬ್ಬಿಬ್ಬರ ಬಿಡುವಿನ ವೇಳೆಯ ಮೇಲೆ ನಿಂತಿವೆ. ಅವರು ದಣಿದಾಗ ಏನಾಗಬೇಕು ಎಂಬುದಕ್ಕೆ ಒಳ್ಳೆಯ ಮಾದರಿಗಳು ಕಡಿಮೆ.

ಯೂಟ್ಯೂಬ್-ಡಿಎಲ್ ಅನ್ನು 2006ರಲ್ಲಿ ಶುರು ಮಾಡಿದವರು ಸ್ಪೇನಿನ ರಿಕಾರ್ಡೊ ಗಾರ್ಸಿಯಾ. ಪೈಥಾನ್ ಭಾಷೆಯಲ್ಲಿ ಬರೆದ ಪುಟ್ಟ ಸ್ಕ್ರಿಪ್ಟ್ ಅದು. ಟರ್ಮಿನಲ್ಲಿನಲ್ಲಿ ಅದರ ಹೆಸರು ಟೈಪಿಸಿ, ಮುಂದೆ ವಿಡಿಯೊದ ವಿಳಾಸ ಕೊಟ್ಟರೆ ವಿಡಿಯೊ ಕಂಪ್ಯೂಟರಿಗೆ ಇಳಿಯುತ್ತಿತ್ತು. 2011ರಲ್ಲಿ ಅವರು ಹೊಣೆಯನ್ನು ಇತರರಿಗೆ ವಹಿಸಿದರು. ಆಮೇಲೆ ಬಂದವರು ಅದನ್ನು ಸಾವಿರಕ್ಕೂ ಹೆಚ್ಚು ತಾಣಗಳಿಗೆ ಹಿಗ್ಗಿಸಿದರು. ಅಷ್ಟೆಲ್ಲ ಬೆಳೆದರೂ ಕೋಡು ಕಗ್ಗಂಟಾಗದಿರಲು ಒಂದು ಒಳ್ಳೆಯ ವಿನ್ಯಾಸ ಕಾರಣ. ಡೌನ್‌ಲೋಡ್ ಮಾಡುವುದು, ಕಡತಕ್ಕೆ ಹೆಸರಿಡುವುದು, ದೃಶ್ಯ ಮತ್ತು ಧ್ವನಿಯನ್ನು ಬೆಸೆಯುವುದು ಇವೆಲ್ಲ ಒಂದು ಕಡೆ. ಒಂದೊಂದು ತಾಣದ ಪುಟವನ್ನು ಓದಿ ಅಸಲಿ ವಿಡಿಯೊ ಎಲ್ಲಿದೆ ಎಂದು ಪತ್ತೆಹಚ್ಚುವ ಭಾಗ ಇನ್ನೊಂದು ಕಡೆ. ಇದಕ್ಕೆ ಎಕ್ಸ್‌ಟ್ರಾಕ್ಟರ್ ಎನ್ನುತ್ತಾರೆ; ತಾಣಕ್ಕೊಂದರಂತೆ ಪ್ರತ್ಯೇಕ ಕಡತಗಳಲ್ಲಿ ಇರುತ್ತದೆ. ಹಾಗಾಗಿ ತನ್ನೂರಿನ ಸುದ್ದಿ ತಾಣವೊಂದು ಕೆಲಸ ಮಾಡುತ್ತಿಲ್ಲ ಎಂದು ಕಂಡವನು ಇಡೀ ತಂತ್ರಾಂಶವನ್ನು ಅರೆದು ಕುಡಿಯದೆಯೂ ಆ ಒಂದು ಕಡತವನ್ನು ಸರಿಪಡಿಸಿ ಕಳಿಸಬಹುದು.

ಎರಡನೆಯ ನಿರ್ಧಾರ ಪರವಾನಗಿಯದು. ಇಡೀ ಕೋಡನ್ನು ಸಾರ್ವಜನಿಕ ಸ್ವತ್ತೆಂದು ಬಿಟ್ಟುಕೊಡಲಾಗಿತ್ತು. ಯಾರು ಬೇಕಾದರೂ ನಕಲು ಮಾಡಿ, ತಿದ್ದಿ, ಬೇರೆ ಹೆಸರಿನಲ್ಲಿ ಹಂಚಬಹುದು, ಅನುಮತಿ ಕೇಳಬೇಕಿಲ್ಲ. ಮುಂದೆ ಬಂದ ಪುನರುಜ್ಜೀವನಕ್ಕೆ ಕಾನೂನಿನ ದಾರಿ ತೆರೆದದ್ದು ಇದು. ಹೊಸಬರನ್ನು ಹೊಗಳುವಾಗ ಹಳಬರ ಈ ಔದಾರ್ಯವನ್ನು ಮರೆಯುವಂತಿಲ್ಲ.

ಇಂಥ ತಂತ್ರಾಂಶ ಬೇರೆಯವುಗಳಂತೆ ಒಮ್ಮೆ ಬರೆದು ಮುಗಿಸಿ ಬಿಡುವಂಥದ್ದಲ್ಲ. ಲೆಕ್ಕ ಮಾಡುವ ಪ್ರೋಗ್ರಾಮೊಂದನ್ನು ಇಪ್ಪತ್ತು ವರ್ಷ ಮುಟ್ಟದಿದ್ದರೂ ಅದರ ಕೂಡಿಸುವಿಕೆ ತಪ್ಪಾಗುವುದಿಲ್ಲ. ಡೌನ್‌ಲೋಡ್ ಉಪಕರಣವಾದರೋ ಪರರ ಪುಟಗಳನ್ನು ಓದಿ ಬದುಕುತ್ತದೆ. ಆ ಪುಟಗಳನ್ನು ನಡೆಸುವವರು ಇದಕ್ಕೆ ಹೇಳಿ ಬದಲಾಯಿಸುವುದಿಲ್ಲ. ಸಾವಿರ ತಾಣಗಳನ್ನು ಬೆಂಬಲಿಸುತ್ತೇವೆ ಎಂದರೆ ಸಾವಿರ ಕಡೆ ಯಾವಾಗ ಬೇಕಾದರೂ ಮುರಿಯಬಹುದು ಎಂದೇ ಅರ್ಥ. ಇಲ್ಲಿ ನಿರ್ವಹಣೆ ನಿಂತರೆ ಉಪಕರಣ ಇದ್ದಲ್ಲೇ ಉಳಿಯುವುದಿಲ್ಲ. ದಿನದಿಂದ ದಿನಕ್ಕೆ ಕೆಡುತ್ತಾ ಹೋಗುತ್ತದೆ.

2020 ಈ ತಂತ್ರಾಂಶಕ್ಕೆ ಎರಡು ಬಗೆಯ ಪರೀಕ್ಷೆ ತಂದಿತು. ಹೊರಗಿನದು ಎಲ್ಲರಿಗೂ ಗೊತ್ತಾಯಿತು. ಅಕ್ಟೋಬರ್ 23ರಂದು ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘ ಆರ್‌ಐಎಎ ಈ ಕೋಡನ್ನು ಇರಿಸಿದ್ದ ಗಿಟ್‌ಹಬ್ ತಾಣಕ್ಕೆ ನೋಟಿಸು ಕಳಿಸಿತು. ಯೂಟ್ಯೂಬಿನ ತಾಂತ್ರಿಕ ರಕ್ಷಣೆಯನ್ನು ಇದು ಭೇದಿಸುತ್ತದೆ, ಇದರ ಪರೀಕ್ಷಾ ಕೋಡಿನಲ್ಲಿ ಟೇಲರ್ ಸ್ವಿಫ್ಟ್, ಜಸ್ಟಿನ್ ಟಿಂಬರ್‌ಲೇಕ್ ಮೊದಲಾದವರ ಹಾಡುಗಳ ವಿಳಾಸಗಳೇ ಇವೆ ಎಂಬುದು ಆಪಾದನೆ. ಗಿಟ್‌ಹಬ್ ಕೋಡನ್ನು ತೆಗೆದುಹಾಕಿತು. ಡಿಜಿಟಲ್ ಹಕ್ಕುಗಳ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ನಿರ್ವಾಹಕರ ಪರ ನಿಂತು ಉತ್ತರ ಬರೆಯಿತು: ಯೂಟ್ಯೂಬ್ ತಾನೇ ಕಳಿಸುವ ಸ್ಕ್ರಿಪ್ಟನ್ನು ಬ್ರೌಸರ್ ಹೇಗೆ ಓದುತ್ತದೋ ಇದೂ ಹಾಗೆಯೇ ಓದುತ್ತದೆ, ಇಲ್ಲಿ ಮುರಿದ ಬೀಗ ಯಾವುದೂ ಇಲ್ಲ. ಆ ಹಾಡುಗಳ ವಿಳಾಸಗಳನ್ನು ಪರೀಕ್ಷೆಯಿಂದ ತೆಗೆಯಲಾಯಿತು. ನವೆಂಬರ್ 16ರಂದು ಗಿಟ್‌ಹಬ್ ಕೋಡನ್ನು ಮರಳಿಸಿತು. ಇಂಥ ನೋಟಿಸು ಎದುರಿಸುವ ಡೆವಲಪರುಗಳ ನೆರವಿಗೆಂದು 10 ಲಕ್ಷ ಡಾಲರುಗಳ ನಿಧಿಯನ್ನೂ ಘೋಷಿಸಿತು.

ಒಳಗಿನ ಪರೀಕ್ಷೆ ಸದ್ದಿಲ್ಲದ್ದು. ಜನ ಬರೆದು ಕಳಿಸಿದ ತಿದ್ದುಪಡಿಗಳು ಒಪ್ಪಿಗೆ ಸಿಗದೆ ರಾಶಿಬಿದ್ದಿದ್ದವು. ನೋಡುವವರು ಕೆಲವೇ ಮಂದಿ, ಕಾಯುವವರು ನೂರಾರು. ಈ ಬೇಸರದಿಂದ 2020ರಲ್ಲೇ ಯೂಟ್ಯೂಬ್-ಡಿಎಲ್‌ಸಿ ಎಂಬ ಫೋರ್ಕ್, ಅಂದರೆ ಅದೇ ಕೋಡಿನಿಂದ ಕವಲೊಡೆದ ತಂತ್ರಾಂಶ, ಹುಟ್ಟಿತು. ಬಾಕಿ ಉಳಿದಿದ್ದ ತಿದ್ದುಪಡಿಗಳನ್ನು ಅದು ಬೇಗಬೇಗ ಒಳಗೆ ತೆಗೆದುಕೊಂಡಿತು. ಆದರೆ ಬಹಳ ಕಾಲ ಬಾಳಲಿಲ್ಲ; ಅದೂ ನಿಷ್ಕ್ರಿಯವಾಯಿತು. ಅದರ ಮೇಲೆ ಕಟ್ಟಿ, 2021ರ ಜನವರಿಯಿಂದ ಹೊಸ ಹೆಸರಿನಲ್ಲಿ ಹೊರಬಂದದ್ದು ವೈಟಿ-ಡಿಎಲ್‌ಪಿ.

ಈ ನಡುವಿನ ಕೊಂಡಿಯನ್ನು ಜನ ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ನನಗೆ ಅದು ಇಡೀ ಕಥೆಯಲ್ಲಿ ಹೆಚ್ಚು ಕಲಿಸುವ ಭಾಗ. ಫೋರ್ಕ್ ಮಾಡಲು ಒಂದು ಬಟನ್ ಒತ್ತಿದರೆ ಸಾಕು. ಬಾಕಿ ತಿದ್ದುಪಡಿಗಳನ್ನು ಒಟ್ಟಿಗೆ ಸೇರಿಸುವುದಕ್ಕೂ ಕೆಲವು ವಾರಗಳ ಉತ್ಸಾಹ ಸಾಕು. ಕಷ್ಟ ಇರುವುದು ಎರಡನೆಯ ವರ್ಷದಲ್ಲಿ, ಮೂರನೆಯ ವರ್ಷದಲ್ಲಿ. ಯಾರೋ ಕಳಿಸಿದ ಕೋಡನ್ನು ಒಪ್ಪಿಕೊಂಡ ದಿನದಿಂದ ಅದು ಮುರಿದಾಗಲೆಲ್ಲ ಸರಿಪಡಿಸುವ ಹೊಣೆ ಒಪ್ಪಿಕೊಂಡವರದು. ಮೊದಲ ಪ್ರಯತ್ನ ಎಡವಿ, ಎರಡನೆಯದು ನಿಂತದ್ದರ ವ್ಯತ್ಯಾಸ ಹುಡುಕಬೇಕಾದದ್ದು ಈ ದೀರ್ಘ ಹೊಣೆಯಲ್ಲಿ.

ಒಂದು ಸಮಸ್ಯೆಯನ್ನು ಹತ್ತಿರದಿಂದ ನೋಡೋಣ. 2021ರಲ್ಲಿ ಯೂಟ್ಯೂಬ್-ಡಿಎಲ್ ಬಳಸುತ್ತಿದ್ದವರಿಗೆ ವಿಡಿಯೊಗಳು ಸೆಕೆಂಡಿಗೆ 50-60 ಕಿಲೋಬೈಟಿನಂತೆ ತೊಟ್ಟಿಕ್ಕತೊಡಗಿದವು. 300 ಮೆಗಾಬೈಟಿನ ಒಂದು ಉಪನ್ಯಾಸ ಇಳಿಯಲು ಒಂದೂವರೆ ಗಂಟೆಯ ಹತ್ತಿರ ಬೇಕು. ಎರರ್ ಸಂದೇಶ ಯಾವುದೂ ಬರುತ್ತಿರಲಿಲ್ಲ, ಹಾಗಾಗಿ ಬಹಳ ಜನ ತಮ್ಮ ನೆಟ್ಟೇ ನಿಧಾನವೆಂದುಕೊಂಡರು. ಕಾರಣ ಬೇರೆ ಇತ್ತು. ವಿಡಿಯೊದ ವಿಳಾಸದಲ್ಲಿ ‘ಎನ್’ ಎಂಬ ಒಂದಕ್ಷರದ ಹೆಸರಿನಡಿ ಒಂದು ಸಣ್ಣ ಅಕ್ಷರಮಾಲೆ ಇರುತ್ತದೆ. ಯೂಟ್ಯೂಬಿನ ಪ್ಲೇಯರ್ ಸ್ಕ್ರಿಪ್ಟಿನೊಳಗೆ ಹುದುಗಿರುವ ಒಂದು ಫಂಕ್ಷನ್ ಅದನ್ನು ಕಲಸಿ ಬೇರೆ ಅಕ್ಷರಮಾಲೆಯಾಗಿ ಮಾರ್ಪಡಿಸುತ್ತದೆ. ಬ್ರೌಸರ್ ಆ ಸ್ಕ್ರಿಪ್ಟನ್ನು ಓಡಿಸುವುದರಿಂದ ಅದಕ್ಕೆ ಮಾರ್ಪಟ್ಟ ಬೆಲೆ ಸಿಗುತ್ತದೆ, ಪೂರ್ತಿ ವೇಗವೂ ಸಿಗುತ್ತದೆ. ಮಾರ್ಪಡಿಸದೆ ಹಾಗೆಯೇ ಕಳಿಸಿದವರಿಗೆ ಸರ್ವರ್ ವಿಡಿಯೊವನ್ನು ಕೊಡುತ್ತದೆ, ಆದರೆ ತೊಟ್ಟುತೊಟ್ಟಾಗಿ.

ವೈಟಿ-ಡಿಎಲ್‌ಪಿ ಮಾಡಿದ್ದು ಹೀಗೆ. ಪೈಥಾನಿನಲ್ಲೇ ಬರೆದ ಒಂದು ಪುಟ್ಟ ಜಾವಾಸ್ಕ್ರಿಪ್ಟ್ ಇಂಟರ್‌ಪ್ರಿಟರ್ ಮೂಲ ತಂತ್ರಾಂಶದಿಂದಲೇ ಬಂದಿತ್ತು. ಅದನ್ನು ಬಲಪಡಿಸಿ, ಪ್ಲೇಯರ್ ಸ್ಕ್ರಿಪ್ಟಿನಿಂದ ಆ ಫಂಕ್ಷನ್ ಅನ್ನು ಹೆಕ್ಕಿ ತೆಗೆದು, ಅಲ್ಲೇ ಓಡಿಸಿ, ಸರಿಯಾದ ಬೆಲೆ ಪಡೆದರು. ವೇಗ ಮರಳಿತು. ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಪ್ಲೇಯರ್ ಸ್ಕ್ರಿಪ್ಟಿನ ರೂಪ ಬದಲಾದಾಗಲೆಲ್ಲ ಹೆಕ್ಕುವ ವಿಧಾನವನ್ನೂ ಬದಲಾಯಿಸಬೇಕಾಯಿತು. ಯೂಟ್ಯೂಬ್-ಡಿಎಲ್‌ನ ಕೋಡಿಗೂ 2022ರ ಆರಂಭದಲ್ಲಿ ಪರಿಹಾರ ಬಂತು. ಆದರೆ ಕೊನೆಯ ಅಧಿಕೃತ ಆವೃತ್ತಿ ಅದಕ್ಕಿಂತ ಹಳೆಯದಾದ್ದರಿಂದ ಸಾಮಾನ್ಯ ಬಳಕೆದಾರರಿಗೆ ಅದು ತಲುಪಲಿಲ್ಲ. ಸರಿಪಡಿಸುವುದು ಅರ್ಧ ಕೆಲಸ, ಸರಿಪಡಿಸಿದ್ದನ್ನು ಜನರ ಕೈಗೆ ಮುಟ್ಟಿಸುವುದು ಉಳಿದ ಅರ್ಧ. ಈ ಎರಡನೆಯ ಅರ್ಧವನ್ನು ವೈಟಿ-ಡಿಎಲ್‌ಪಿ ಗಂಭೀರವಾಗಿ ತೆಗೆದುಕೊಂಡಿತು. ಸ್ಥಿರ ಆವೃತ್ತಿಯ ಜೊತೆಗೆ, ಇತ್ತೀಚಿನ ತಿದ್ದುಪಡಿಗಳನ್ನು ಒಳಗೊಂಡ ನೈಟ್ಲಿ ಆವೃತ್ತಿಯನ್ನೂ ಹೊರತರುತ್ತದೆ. ಇಂದು ಮುರಿದದ್ದನ್ನು ಇಂದೇ ಸರಿಪಡಿಸಿದ್ದರೆ ಒಂದೇ ಕಮಾಂಡಿನಲ್ಲಿ ಅದಕ್ಕೆ ಬದಲಾಗಬಹುದು.

ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ಹಳೆಯ ಬಳಕೆದಾರರನ್ನು ಅವರು ನಡೆಸಿಕೊಂಡ ರೀತಿ. ಹೊಸ ತಂಡಕ್ಕೆ ಬದಲಾಯಿಸುವ ಹುಮ್ಮಸ್ಸು ಇದ್ದೇ ಇರುತ್ತದೆ. ಇಲ್ಲಿಯೂ ಬದಲಾವಣೆಗಳು ಕಡಿಮೆ ಏನಿಲ್ಲ. ಹಳೆಯದು ಕಡತದ ಹೆಸರಿನಲ್ಲಿ ಶೀರ್ಷಿಕೆಯ ಮುಂದೆ ಅಡ್ಡಗೆರೆ ಎಳೆದು ವಿಡಿಯೊದ 11 ಅಕ್ಷರಗಳ ಗುರುತನ್ನು ಸೇರಿಸುತ್ತಿತ್ತು. ಹೊಸದು ಆ ಗುರುತನ್ನು ಚೌಕ ಕಂಸದೊಳಗೆ ಇಡುತ್ತದೆ. ಗುರುತಿನೊಳಗೇ ಅಡ್ಡಗೆರೆ ಬರಬಹುದಾದ್ದರಿಂದ, ಎಲ್ಲಿ ಶೀರ್ಷಿಕೆ ಮುಗಿದು ಎಲ್ಲಿ ಗುರುತು ಶುರುವಾಯಿತು ಎಂಬುದು ಈಗ ಕಣ್ಣಿಗೂ ಸ್ಕ್ರಿಪ್ಟಿಗೂ ಸ್ಪಷ್ಟ. ಹಾಗೆಯೇ ಲಭ್ಯವಿರುವ ರೂಪಗಳಲ್ಲಿ ಯಾವುದನ್ನು ಆರಿಸಬೇಕೆಂಬ ನಿಯಮವೂ ಬದಲಾಯಿತು. ಬಿಟ್‌ರೇಟ್ ಹೆಚ್ಚಿರುವುದಕ್ಕಿಂತ ರೆಸಲ್ಯೂಶನ್ ಹೆಚ್ಚಿರುವ, ಉತ್ತಮ ಕೋಡೆಕ್ ಇರುವ ರೂಪಕ್ಕೆ ಈಗ ಆದ್ಯತೆ. ಎರಡೂ ಒಳ್ಳೆಯ ನಿರ್ಧಾರಗಳೇ. ಆದರೆ ವರ್ಷಗಟ್ಟಲೆ ಹಳೆಯ ನಡವಳಿಕೆಯನ್ನು ನಂಬಿ ಸ್ಕ್ರಿಪ್ಟ್ ಬರೆದುಕೊಂಡವರ ಗತಿಯೇನು? ಅವರಿಗಾಗಿ ಒಂದು ಹೊಂದಾಣಿಕೆಯ ಆಯ್ಕೆ ಇದೆ. ಅದನ್ನು ಕೊಟ್ಟರೆ ಹಳೆಯ ರೀತಿಯೇ ಮರಳುತ್ತದೆ. ಹಳೆಯದಕ್ಕೂ ಹೊಸದಕ್ಕೂ ಎಲ್ಲೆಲ್ಲಿ ವ್ಯತ್ಯಾಸವಿದೆ ಎಂಬುದನ್ನು ಕೈಪಿಡಿಯಲ್ಲಿ ಒಂದೊಂದಾಗಿ ಬರೆದಿಟ್ಟಿದ್ದಾರೆ. ಬದಲಾಯಿಸುವ ಹಕ್ಕನ್ನು ಬಳಸಿ, ಬದಲಾದದ್ದನ್ನು ಮುಚ್ಚಿಡದೆ ಹೇಳಿ, ಹಿಂದಕ್ಕೆ ಹೋಗುವ ದಾರಿಯನ್ನೂ ತೆರೆದಿಡುವುದು ದೊಡ್ಡ ಕಂಪನಿಗಳ ತಂತ್ರಾಂಶಗಳಲ್ಲೂ ಅಪರೂಪ.

ಕನ್ನಡದವರಿಗೆ ನೇರವಾಗಿ ತಾಗುವ ಒಂದು ಸೂಕ್ಷ್ಮವೂ ಇದೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಒಂದು ಕಡತದ ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಶ್ರೀ’ ಎಂದು ಬರೆದರೆ ಕಣ್ಣಿಗೆ ಒಂದೇ ಅಕ್ಷರ. ಒಳಗೆ ನಾಲ್ಕು ಸಂಕೇತ, ಹನ್ನೆರಡು ಬೈಟ್. ಯೂಟ್ಯೂಬ್ ಶೀರ್ಷಿಕೆಗೆ 100 ಸಂಕೇತಗಳವರೆಗೆ ಅವಕಾಶವಿದೆ. ಪ್ರಸಂಗದ ಹೆಸರು, ಮೇಳದ ಹೆಸರು, ಭಾಗವತರ ಹೆಸರು, ವೇಷಧಾರಿಗಳ ಹೆಸರು ಎಲ್ಲವನ್ನೂ ಕನ್ನಡದಲ್ಲೇ ಕೊಡುವ ಯಕ್ಷಗಾನದ ವಿಡಿಯೊ ಆ ಮಿತಿಯನ್ನು ಪೂರ್ತಿ ಬಳಸಿಕೊಂಡರೆ ಹೆಸರು 300 ಬೈಟಿನ ಹತ್ತಿರ ಹೋಗುತ್ತದೆ. ಆಗ ಡೌನ್‌ಲೋಡ್ ಕೈಕೊಡುತ್ತದೆ. ವೈಟಿ-ಡಿಎಲ್‌ಪಿಯಲ್ಲಿ ಶೀರ್ಷಿಕೆಯನ್ನು ಅಕ್ಷರದ ಲೆಕ್ಕದಲ್ಲಲ್ಲದೆ ಬೈಟಿನ ಲೆಕ್ಕದಲ್ಲೂ ಕತ್ತರಿಸುವ ಸೌಲಭ್ಯವಿದೆ: ಹೆಸರಿನ ನಮೂನೆಯಲ್ಲಿ ಶೀರ್ಷಿಕೆ 200 ಬೈಟಿಗೆ ನಿಲ್ಲಲಿ ಎಂದು ಸೂಚಿಸಿದರೆ ಸಾಕು. ಇಂಗ್ಲಿಷ್ ಒಂದನ್ನೇ ಮನಸ್ಸಿನಲ್ಲಿಟ್ಟುಕೊಂಡವರಿಗೆ ಇಂಥ ಸೌಲಭ್ಯ ಹೊಳೆಯುವುದು ಕಷ್ಟ. ನಾನಾ ಭಾಷೆಯ ಬಳಕೆದಾರರ ದೂರುಗಳಿಗೆ ಕಿವಿಗೊಟ್ಟ ತಂತ್ರಾಂಶ ಇದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಡ.

ಸುರಕ್ಷತೆಯ ವಿಷಯದಲ್ಲೂ ನಿರ್ವಹಣೆಯ ಬೆಲೆ ತಿಳಿಯುತ್ತದೆ. ಲಾಗಿನ್ ಆದ ಖಾತೆಯ ಕುಕಿಗಳನ್ನು ಈ ಉಪಕರಣಕ್ಕೆ ಕೊಡುವ ರೂಢಿ ಇದೆ. ಸರ್ವರ್ ಬೇರೊಂದು ವಿಳಾಸಕ್ಕೆ ತಿರುಗಿಸಿದಾಗ ಆ ಕುಕಿಗಳು ಸಂಬಂಧವಿಲ್ಲದ ತಾಣಕ್ಕೆ ಸೋರಿಹೋಗಬಹುದಾದ ದೋಷವೊಂದು ಹಳೆಯ ಕೋಡಿನಿಂದಲೇ ಬಂದಿತ್ತು. 2023ರ ಜುಲೈನಲ್ಲಿ ವೈಟಿ-ಡಿಎಲ್‌ಪಿ ಅದನ್ನು ಬಹಿರಂಗವಾಗಿ ಒಪ್ಪಿಕೊಂಡು ಸರಿಪಡಿಸಿದ ಆವೃತ್ತಿ ಹೊರತಂದಿತು. ‘ನನಗೆ ಹಳೆಯದೇ ಸಾಕು, ಕೆಲಸ ಮಾಡುತ್ತಿದೆಯಲ್ಲ’ ಎನ್ನುವವರು ಇದನ್ನು ಗಮನಿಸಬೇಕು.

ಇನ್ನು ಕೊರತೆಗಳು. ಮೊದಲನೆಯದು, ಉಪಕರಣ ತಜ್ಞರ ಕಡೆಗೆ ವಾಲಿದೆ. ಆಯ್ಕೆಗಳು ಅಷ್ಟೊಂದಿವೆ, ಕೈಪಿಡಿ ಅಷ್ಟು ಉದ್ದವಾಗಿದೆ ಎಂದರೆ, ಒಂದು ಪಾಠದ ಧ್ವನಿಯನ್ನಷ್ಟೇ ಉಳಿಸಿಕೊಳ್ಳಬೇಕೆಂದಿರುವ ಶಾಲಾ ಶಿಕ್ಷಕಿಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದಿಲ್ಲ. ಅಂಥವರು ಜಾಹೀರಾತು ತುಂಬಿದ, ಏನೇನೋ ಕ್ಲಿಕ್ ಮಾಡಿಸುವ ಡೌನ್‌ಲೋಡ್ ತಾಣಗಳ ಬಾಯಿಗೆ ಬೀಳುತ್ತಾರೆ. ಒಂದೊಂದು ಸೌಲಭ್ಯವೂ ಯಾರೋ ಒಬ್ಬರಿಗೆ ಬೇಕಾಗಿ ಬಂದದ್ದೇ. ಆದರೂ ಬೇಡ ಎನ್ನುವುದು ನಿರ್ವಾಹಕರ ಕೆಲಸದ ಭಾಗ, ಅದನ್ನು ಈ ತಂಡ ಇನ್ನೂ ಹೆಚ್ಚು ಮಾಡಬಹುದಿತ್ತು.

ಎರಡನೆಯದು ಹಳೆಯ ಯಂತ್ರಗಳ ಪ್ರಶ್ನೆ. ಯೂಟ್ಯೂಬ್-ಡಿಎಲ್ ಪೈಥಾನ್ 2.6ರಷ್ಟು ಹಳೆಯದರಲ್ಲೂ ಓಡುತ್ತದೆ. ಹೊಸ ತಂಡ ಆ ಭಾರವನ್ನು ಮೊದಲೇ ಇಳಿಸಿತು, ಆಮೇಲೂ ಹಳೆಯ ಪೈಥಾನುಗಳನ್ನು ಒಂದೊಂದಾಗಿ ಬಿಡುತ್ತಾ ಬಂತು. 2025ರ ನವೆಂಬರಿನಿಂದ ಯೂಟ್ಯೂಬಿನ ಪೂರ್ಣ ಬೆಂಬಲಕ್ಕೆ ಡೆನೊದಂಥ ಹೊರಗಿನ ಜಾವಾಸ್ಕ್ರಿಪ್ಟ್ ರನ್‌ಟೈಮ್ ಕೂಡ ಬೇಕು. ಹಿಂದೆ ಹೇಳಿದ ಪುಟ್ಟ ಜಾವಾಸ್ಕ್ರಿಪ್ಟ್ ಇಂಟರ್‌ಪ್ರಿಟರ್ ಯೂಟ್ಯೂಬಿನ ಸ್ಕ್ರಿಪ್ಟುಗಳ ಎದುರು ಸಾಲದಾಯಿತು. ಈ ನಿರ್ಧಾರ ಅನಿವಾರ್ಯವಾಗಿತ್ತು ಎಂದೇ ನನ್ನ ತೀರ್ಮಾನ. ಆದರೂ ಒಂದೇ ಕಡತ ಇಳಿಸಿಕೊಂಡರೆ ಎಲ್ಲಿ ಬೇಕಾದರೂ ನಡೆಯುತ್ತಿದ್ದ ಉಪಕರಣದ ಸರಳತೆ ಹೋಯಿತು. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಕೆಲಸ ನಡೆಸುವವರಿಗೆ ಈ ನಷ್ಟ ಎಲ್ಲರಿಗಿಂತ ಮೊದಲು ತಟ್ಟುತ್ತದೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಯೂಟ್ಯೂಬ್ ಭಾಗವನ್ನು ಆಳವಾಗಿ ಬಲ್ಲವರು ಇಂದಿಗೂ ಬೆರಳೆಣಿಕೆಯ ಸ್ವಯಂಸೇವಕರು. ಹಿಂದೆ ಕಂಪನಿಯಿಲ್ಲ, ಸಂಬಳವಿಲ್ಲ. ಇಷ್ಟಪಟ್ಟವರು ಕೊಡುವ ದೇಣಿಗೆ ಅಷ್ಟೇ. ಹಳೆಯ ತಂಡವನ್ನು ದಣಿಸಿದ ಕಾರಣಗಳು ಹೊಸ ತಂಡದ ಮುಂದೆಯೂ ಹಾಗೆಯೇ ಇವೆ. ನಮ್ಮ ಶಾಸನಗಳಲ್ಲಿ ಕೆರೆಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಭೂಮಿ ಬಿಟ್ಟ ದಾಖಲೆಗಳಿವೆ. ಕೆರೆ ಕಟ್ಟಿಸಿದರೆ ಸಾಲದು, ವರ್ಷವರ್ಷ ಅದನ್ನು ನೋಡಿಕೊಳ್ಳುವವರ ಅನ್ನಕ್ಕೂ ವ್ಯವಸ್ಥೆಯಾಗಬೇಕು ಎಂದು ಆ ಜನ ತಿಳಿದಿದ್ದರು. ಮುಕ್ತ ತಂತ್ರಾಂಶದ ಲೋಕ ಈ ವ್ಯವಸ್ಥೆಯನ್ನು ಇನ್ನೂ ಕಲಿತಿಲ್ಲ. ಅದು ವೈಟಿ-ಡಿಎಲ್‌ಪಿ ಒಂದರ ದೋಷವಲ್ಲ, ಆದರೆ ಅದರ ಭವಿಷ್ಯ ನಿಂತಿರುವುದು ಈ ಕೊರತೆಯ ಮೇಲೆಯೇ.

ನೈತಿಕತೆಯ ಪ್ರಶ್ನೆಯನ್ನು ಬದಿಗಿಟ್ಟು ಈ ಉಪಕರಣದ ಬಗ್ಗೆ ಮಾತಾಡುವುದು ಪ್ರಾಮಾಣಿಕವಾಗದು. ಬೇರೆಯವರ ದುಡಿಮೆಯನ್ನು ಇಳಿಸಿಕೊಂಡು ಮತ್ತೆ ಹಂಚಿ ಹಣ ಮಾಡುವವರ ಕೈಗೂ ಇದು ಸಿಗುತ್ತದೆ. 2023ರ ಮಾರ್ಚ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್ ನ್ಯಾಯಾಲಯ, ಸೋನಿ, ವಾರ್ನರ್, ಯೂನಿವರ್ಸಲ್ ಸಂಗೀತ ಕಂಪನಿಗಳ ದಾವೆಯಲ್ಲಿ, ಯೂಟ್ಯೂಬ್-ಡಿಎಲ್‌ನ ಜಾಲತಾಣಕ್ಕೆ ಜಾಗ ಕೊಟ್ಟಿದ್ದ ಊಬರ್‌ಸ್ಪೇಸ್ ಎಂಬ ಸಂಸ್ಥೆಯ ವಿರುದ್ಧ ತೀರ್ಪು ನೀಡಿತು. ಗಿಟ್‌ಹಬ್‌ನಲ್ಲಿ ಕೋಡು ಇದ್ದೇ ಇತ್ತು. ಪೆಟ್ಟು ಬಿದ್ದದ್ದು ಜಾಗ ಕೊಟ್ಟ ಸಣ್ಣ ಸಂಸ್ಥೆಗೆ. ನನಗೆ ಈ ತೀರ್ಪು ಸರಿಕಾಣುವುದಿಲ್ಲ. ಉಪಕರಣದ ಇನ್ನೊಂದು ಮುಖ ಅದರಲ್ಲಿ ಮರೆಯಾಗಿದೆ. ಮುಕ್ತ ಪರವಾನಗಿಯ ವಿಡಿಯೊಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ ಸಾಗಿಸುವ ಸಾಧನ, ಇಂಟರ್‌ನೆಟ್ ಆರ್ಕೈವಿಗೆ ವಿಡಿಯೊ ಸೇರಿಸುವ ಸಾಧನ ಇವೆಲ್ಲ ನಿಂತಿರುವುದು ಇದೇ ಕುಟುಂಬದ ಕೋಡಿನ ಮೇಲೆ. ಚಾನೆಲ್ಲೊಂದು ಮುಚ್ಚಿದ ದಿನ ಅದರಲ್ಲಿದ್ದ ತಾಳಮದ್ದಳೆಗಳೂ ಸಂದರ್ಶನಗಳೂ ಒಟ್ಟಿಗೆ ಹೋಗುತ್ತವೆ. ಪ್ರತಿ ಇಟ್ಟುಕೊಂಡವರು ಯಾರಾದರೂ ಇದ್ದರಷ್ಟೇ ಉಳಿಯುತ್ತವೆ.

ಈ ವಿಷಯದಲ್ಲಿ ತಂಡ ತನ್ನ ಗೆರೆಯನ್ನು ತಾನೇ ಎಳೆದುಕೊಂಡಿದೆ. ನಕಲು ತಡೆಯುವ ಡಿಆರ್‌ಎಂ ಬೀಗ ಹಾಕಿದ ವಿಡಿಯೊಗಳ ಬೀಗ ಒಡೆಯುವುದಿಲ್ಲ, ಅದಕ್ಕಾಗಿ ಬರುವ ಕೋರಿಕೆಗಳನ್ನು ಒಪ್ಪುವುದಿಲ್ಲ. ಕೃತಿಚೌರ್ಯವೇ ಕಸುಬಾದ ತಾಣಗಳಿಗೆ ಎಕ್ಸ್‌ಟ್ರಾಕ್ಟರ್ ಬರೆದುಕೊಟ್ಟರೂ ಸೇರಿಸುವುದಿಲ್ಲ. ಮೂಲ ತಂತ್ರಾಂಶದಲ್ಲಿಯೂ ಇದೇ ನಿಯಮವಿತ್ತು. ಜನಪ್ರಿಯತೆಯ ಒತ್ತಡದಲ್ಲೂ ಹೊಸಬರು ಅದನ್ನು ಸಡಿಲಿಸಲಿಲ್ಲ.

ಹಾಗಾದರೆ ಒಟ್ಟು ತೀರ್ಮಾನವೇನು? ಹಳೆಯದನ್ನು ಹೀಗಳೆಯದೆ ಹೊಸದನ್ನು ಕಟ್ಟಿದ್ದು ವೈಟಿ-ಡಿಎಲ್‌ಪಿಯ ದೊಡ್ಡ ಗುಣ. ಯೂಟ್ಯೂಬ್-ಡಿಎಲ್‌ನ ರೆಪೊಸಿಟರಿಯಲ್ಲಿ ಇಂದಿಗೂ ತಾಳ್ಮೆಯಿಂದ ಕೆಲಸ ಮಾಡುವವರಿದ್ದಾರೆ. ಅಲ್ಲಿನ ತಿದ್ದುಪಡಿಗಳು ಇಲ್ಲಿಗೂ, ಇಲ್ಲಿನವು ಅಲ್ಲಿಗೂ ಬರೆದವರ ಹೆಸರಿನ ಸಮೇತ ಹರಿದಾಡಿವೆ. ಬೇರೆಯಾದವರು ಹೀಗೆ ಕೊಡುಕೊಳ್ಳುವುದು ಸುಲಭವಲ್ಲ. ನನ್ನ ಮೆಚ್ಚುಗೆಯ ಮೊದಲ ಕಾರಣ ಇದು. ಮುರಿದದ್ದನ್ನು ಸರಿಪಡಿಸಿ ಜನರ ಕೈಗೆ ಮುಟ್ಟಿಸುವ ಶಿಸ್ತು ಎರಡನೆಯದು. ಸರಳತೆಯ ವಿಷಯದಲ್ಲಿ ಅದು ಸೋತಿದೆ, ಬಾಳಿಕೆಯ ವಿಷಯದಲ್ಲಿ ಭರವಸೆ ಕೊಡುವಂತಿಲ್ಲ.

ಆ ಭರವಸೆ ತಂಡದಿಂದಷ್ಟೇ ಬರಬೇಕೆಂದಿಲ್ಲ. ಬಳಸುವವರಿಂದಲೂ ಬರಬಹುದು. ‘ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ದೂರು ಬರೆಯುವ ಬದಲು, ಮೊದಲು ಹೊಸ ಆವೃತ್ತಿಗೆ ಬದಲಾಗಿ ನೋಡಿ, ಆಮೇಲೂ ಆಗದಿದ್ದರೆ ಉಪಕರಣ ಕೊಟ್ಟ ಪೂರ್ತಿ ಸಂದೇಶವನ್ನು ಸೇರಿಸಿ ಬರೆದರೆ ನಿರ್ವಾಹಕರ ಅರ್ಧ ದಿನ ಉಳಿಯುತ್ತದೆ. ಪೈಥಾನ್ ಬಲ್ಲ ವಿದ್ಯಾರ್ಥಿಗಳು ಒಂದು ಎಕ್ಸ್‌ಟ್ರಾಕ್ಟರಿನ ಹೊಣೆ ಹೊರಬಹುದು. ಟರ್ಮಿನಲ್ಲಿಗೆ ಹೆದರುವ ಶಿಕ್ಷಕರಿಗೆ, ಕಲಾವಿದರಿಗೆ, ಸಂಗ್ರಹಕಾರರಿಗೆ ಬೇಕಾದ ಹತ್ತು ಕಮಾಂಡುಗಳನ್ನು ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿ ಕೊಡುವುದು ನಮ್ಮಿಂದ ಆಗದ ಕೆಲಸವೇನಲ್ಲ. ಉಚಿತವಾಗಿ ಸಿಕ್ಕ ಉಪಕರಣದ ದುರಸ್ತಿಯಲ್ಲಿ ಬಳಸುವವರಿಗೂ ಒಂದು ಪಾಲಿದೆ, ಅದನ್ನು ಹೊರುವವರು ಹೆಚ್ಚಿದಷ್ಟೂ ಇದರ ಆಯಸ್ಸು ಹೆಚ್ಚುತ್ತದೆ.